ಊಟದ ಹೊತ್ತಿಗೆ ಟೀಚರ್ ಎಲ್ಲಿರ್ತಾರೆ?

ನ್ಯೂಜೆರ್ಸಿಯಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ಕನ್ನಡಿಗರ ಬಾಯಲ್ಲಿ ‘ಎಚ್‌ಐಬಿ’ ಅನ್ನುವ ಮಾತು ಆಗಾಗ ಬರುತ್ತದೆ. ಹರಾಸ್‌ಮೆಂಟ್ (ಕಿರುಕುಳ), ಇಂಟಿಮಿಡೇಶನ್ (ಬೆದರಿಕೆ), ಬುಲ್ಲಿಯಿಂಗ್ (ಮಕ್ಕಳು ಮಕ್ಕಳಿಗೆ ಕೊಡುವ ಕಾಟ) ಎಂಬ ಮೂರೂ ಸೇರಿ ಆದ ಹೆಸರು ಅದು. ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲೂ ಯಾರಾದರೊಬ್ಬರು ದನಿ ತಗ್ಗಿಸಿ ಕೇಳುತ್ತಾರೆ: “ಎಚ್‌ಐಬಿ ಕಂಪ್ಲೇಂಟ್ ಕೊಟ್ರೆ ಏನಾದ್ರೂ ಪ್ರಯೋಜನ ಆಗತ್ತಾ?” ಆಗುತ್ತದೆ, ಅರ್ಧ ಮಾತ್ರ. ಉಳಿದರ್ಧ ಎಲ್ಲಿ ಸೋರಿಹೋಗುತ್ತದೆ ಅನ್ನುವುದು ನನಗೆ ಹೊಳೆದದ್ದು ಅಕ್ಕನ ಜೊತೆ ಫೋನಿನಲ್ಲಿ ಜಗಳವಾಡುವಾಗ. ಅಕ್ಕ ತಿಪಟೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್.

ಇಲ್ಲಿಯ ಎಚ್‌ಐಬಿ ಕಾನೂನಿನ ಹಿಂದೆ ಒಂದು ಸಾವಿದೆ. 2010ರ ಸೆಪ್ಟೆಂಬರಿನಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಆಗಷ್ಟೇ ಸೇರಿದ್ದ ಟೈಲರ್ ಕ್ಲೆಮೆಂಟಿ ಎಂಬ ಹುಡುಗ ಆತ್ಮಹತ್ಯೆ ಮಾಡಿಕೊಂಡ. ಅವನ ಖಾಸಗಿ ಗಳಿಗೆಯನ್ನು ರೂಮ್‌ಮೇಟ್ ವೆಬ್‌ಕ್ಯಾಮ್ ಹಚ್ಚಿ ಇಣುಕಿ ನೋಡಿದ್ದ. ಬುಲ್ಲಿಯಿಂಗ್ ವಿರುದ್ಧ 2002ರಿಂದಲೇ ಕಾನೂನು ಇತ್ತು, ಅದನ್ನು ಬಿಗಿ ಮಾಡುವ ಮಸೂದೆಯೂ ತಯಾರಾಗುತ್ತಿತ್ತು. ಈ ಸಾವಿನ ನಂತರ ಅದಕ್ಕೆ ವೇಗ ಬಂತು. 2011ರ ಜನವರಿಯಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಸಹಿ ಹಾಕಿದರು, ಸೆಪ್ಟೆಂಬರಿನಿಂದ ಜಾರಿಯಾಯಿತು. ಆ ರೂಮ್‌ಮೇಟ್ ಭಾರತ ಮೂಲದ ಮನೆಯ ಹುಡುಗ ಎಂಬುದನ್ನು ನಮ್ಮವರು ಸಾಮಾನ್ಯವಾಗಿ ನೆನೆಸಿಕೊಳ್ಳುವುದಿಲ್ಲ. ಈ ವಿಷಯ ಎತ್ತಿದಾಗ ನಾವೆಲ್ಲ ನಮ್ಮ ಮಗುವನ್ನು ಪೆಟ್ಟು ತಿನ್ನುವ ಕಡೆಯೇ ನಿಲ್ಲಿಸಿಕೊಂಡು ಮಾತಾಡುತ್ತೇವೆ.

ಕಾನೂನಿನ ನಿಜವಾದ ಬಲ ಇರುವುದು ಅದರ ಗಡುವುಗಳಲ್ಲಿ. ಶಿಕ್ಷಕರ ಕಿವಿಗೆ ವಿಷಯ ಬಿದ್ದರೆ ಅದೇ ದಿನ ಪ್ರಿನ್ಸಿಪಾಲರಿಗೆ ಹೇಳಬೇಕು, ಶಾಲೆ ನಡೆಯುವ 2 ದಿನದೊಳಗೆ ಬರೆದು ಕೊಡಬೇಕು. 10 ದಿನದೊಳಗೆ ವಿಚಾರಣೆ ಮುಗಿಯಬೇಕು. ವರದಿ ಸೂಪರಿಂಟೆಂಡೆಂಟ್ ಕೈಗೆ, ಅಲ್ಲಿಂದ ಶಿಕ್ಷಣ ಮಂಡಳಿಯ ಮುಂದಿನ ಸಭೆಗೆ ಹೋಗಬೇಕು. ಒಪ್ಪಿಗೆಯಾಗದ ಅಪ್ಪ ಅಮ್ಮ ಮಂಡಳಿಯ ಮುಂದೆಯೇ ನಿಂತು ಕೇಳಬಹುದು, ಅದಕ್ಕೂ ಮೇಲೆ ರಾಜ್ಯದ ಕಮಿಷನರ್ ತನಕ ಹೋಗಬಹುದು. ವೀಸಾದ ಮೇಲೆ ಬಂದು, ಇಂಗ್ಲಿಷ್ ತಡವರಿಸುವ ತಾಯಿಗೂ ಇದೇ ಗಡುವು, ಊರಿನ ಮೇಯರ್ ಮಗಳಿಗೂ ಇದೇ ಗಡುವು. ಹೆಡ್‌ಮಾಸ್ಟರ ಮರ್ಜಿ ಕಾಯಬೇಕಾಗಿಲ್ಲ. ಇದನ್ನು ಸಣ್ಣ ಮಾತು ಅಂದುಕೊಳ್ಳುವವರು, ತಮ್ಮ ಮಗುವಿನ ದೂರು ಹಿಡಿದು ಊರಿನ ಯಾವುದಾದರೂ ಶಾಲೆಯ ಆಫೀಸಿನ ಮುಂದೆ ಬೆಂಚಿನ ಮೇಲೆ ಕಾದು ಕೂತವರಲ್ಲ.

ಆದರೆ ಸ್ನೇಹಿತರೊಬ್ಬರ ಮೂರನೇ ಕ್ಲಾಸಿನ ಮಗಳ ವಿಷಯದಲ್ಲಿ ಗಡುವುಗಳೆಲ್ಲ ಪಾಲನೆಯಾಗಿಯೂ ಏನೂ ಆಗಲಿಲ್ಲ. ಅವರ ಶಾಲೆಯ ಊಟದ ಹಾಲ್‌ನಲ್ಲಿ ಮಡಚಿಡುವಂಥ ಉದ್ದನೆಯ ಮೇಜುಗಳು, ಅವಕ್ಕೇ ಕೂಡಿಸಿದ ದುಂಡು ಸ್ಟೂಲುಗಳು. ಒಂದು ಕ್ಲಾಸಿಗೆ ಒಂದು ಮೇಜು. ಈ ಹುಡುಗಿ ಡಬ್ಬಿ ಹಿಡಿದು ಬರುವ ಹೊತ್ತಿಗೆ ಖಾಲಿ ಸ್ಟೂಲಿನ ಮೇಲೆ ಒಂದು ಜಾಕೆಟ್ ಬಿದ್ದಿರುತ್ತಿತ್ತು. “ಇದು ಬೇರೆಯವರಿಗೆ.” ಪಕ್ಕದ್ದಕ್ಕೆ ಹೋದರೆ ಅಲ್ಲೊಂದು ನೀರಿನ ಬಾಟಲಿ. ಯಾರೂ ಬೈಯುತ್ತಿರಲಿಲ್ಲ, ತಳ್ಳುತ್ತಿರಲಿಲ್ಲ, ಅವಳ ಮೈಬಣ್ಣವನ್ನೋ ಡಬ್ಬಿಯ ಚಿತ್ರಾನ್ನವನ್ನೋ ಆಡಿಕೊಳ್ಳುತ್ತಿರಲಿಲ್ಲ. ಜಾಕೆಟ್ ಹಾಕುತ್ತಿದ್ದವರಲ್ಲಿ ನಮ್ಮ ದೇಶದ ಮಕ್ಕಳೂ ಇದ್ದರು. ಕೊನೆಗೆ ಅವಳು ಕಸದ ಡಬ್ಬಿಗಳ ಕಡೆ, ಮೇಜಿನ ತುದಿಯಲ್ಲಿ ನಿಂತೇ ನಾಲ್ಕು ತುತ್ತು ತಿನ್ನತೊಡಗಿದಳು. ಡಬ್ಬಿ ದಿನಾ ತುಂಬಿಕೊಂಡೇ ವಾಪಸು ಬರುತ್ತಿದ್ದುದರಿಂದ ಮನೆಯಲ್ಲಿ ಗೊತ್ತಾಯಿತು.

ದೂರು ಕೊಟ್ಟರು. ವಿಚಾರಣೆ ಹೊತ್ತಿಗೆ ಸರಿಯಾಗಿ ನಡೆಯಿತು, ವರದಿ ಗಡುವಿನೊಳಗೇ ಬಂತು. ತೀರ್ಮಾನ: ಎಚ್‌ಐಬಿ ಸಾಬೀತಾಗಿಲ್ಲ. ಜನಾಂಗ, ಧರ್ಮ, ಲಿಂಗ, ಅಂಗವೈಕಲ್ಯ ಅಥವಾ ಮಗುವಿನಲ್ಲಿ ಎದ್ದುಕಾಣುವ ಇನ್ನಾವುದೋ ಗುಣವೇ ಕಾರಣವಾಗಿ ಕಾಟ ಕೊಟ್ಟಿದ್ದರೆ ಮಾತ್ರ ಅದು ಈ ಕಾನೂನಿನೊಳಗೆ ಬರುತ್ತದೆ. ಆ ಜಾಕೆಟ್ಟಿಗೆ ಅಂಥ ಕಾರಣವೇನೂ ಸಿಗಲಿಲ್ಲ. ಎಂಟು ವರ್ಷದ ಮಕ್ಕಳು ಒಬ್ಬಳನ್ನು ಹೊರಗಿಟ್ಟರು, ಅಷ್ಟೇ. ‘ಮಕ್ಕಳ ನಡುವಿನ ಮನಸ್ತಾಪ’ ಎಂದು ಬರೆದು ಫೈಲು ಮುಚ್ಚಿದರು. ಮಾರನೇ ವಾರ ಜಾಕೆಟ್ ಮತ್ತೆ ಸ್ಟೂಲಿನ ಮೇಲಿತ್ತು.

ಈ ಕತೆಯನ್ನು ಅಕ್ಕನಿಗೆ ಹೇಳಿದೆ. ಕಾನೂನಿನ ನ್ಯೂನತೆ ಅದು ಇದು ಅಂತ ನಾನು ಶುರು ಮಾಡುವ ಮೊದಲೇ ಕೇಳಿದಳು: “ಅದಿರ್ಲಿ ಕಣೋ, ಊಟದ ಹೊತ್ತಿಗೆ ಟೀಚರ್ ಎಲ್ಲಿರ್ತಾರೆ?”

ತಮ್ಮ ಊಟಕ್ಕೆ ಹೋಗಿರುತ್ತಾರೆ. ಅವರ ಒಪ್ಪಂದದಲ್ಲೇ ಆ ಬಿಡುವು ಇದೆ, ಇರಬೇಕಾದದ್ದೇ. ಹಾಲ್‌ನಲ್ಲಿ ನಿಲ್ಲುವವರು ಲಂಚ್ ಏಡ್‌ಗಳು, ಗಂಟೆ ಲೆಕ್ಕದ ಸಂಬಳದ ಹೆಂಗಸರು. ನೂರಕ್ಕೂ ಮೇಲ್ಪಟ್ಟ ಮಕ್ಕಳಿಗೆ ಇಬ್ಬರೋ ಮೂವರೋ. ಹಾಲಿನ ಪೊಟ್ಟಣ ಬಿಡಿಸಿಕೊಡುವುದು, ಚೆಲ್ಲಿದ್ದು ಒರೆಸುವುದು, ಗಲಾಟೆ ಹೆಚ್ಚಾದರೆ ಸೀಟಿ ಊದುವುದರಲ್ಲೇ ಅವರ ಹೊತ್ತು ಹೋಗುತ್ತದೆ. ಸ್ನೇಹಿತರ ಕೈಗೆ ಬಂದ ಪತ್ರದಲ್ಲಿ ಕೌನ್ಸೆಲರ್, ಕ್ಲಾಸ್ ಟೀಚರ್, ಮಕ್ಕಳು ಎಲ್ಲರನ್ನೂ ಮಾತಾಡಿಸಿದ್ದಾಗಿ ಬರೆದಿತ್ತು. ದಿನಾ ಆ ಮೇಜಿನ ಪಕ್ಕದಲ್ಲೇ ನಿಲ್ಲುವ ಹೆಂಗಸನ್ನು ಯಾರೂ ಕೇಳಿರಲಿಲ್ಲ.

ಅಕ್ಕನ ಶಾಲೆಯಲ್ಲಿ ಬಿಸಿಯೂಟಕ್ಕೆ ಮಕ್ಕಳು ಜಗಲಿಯ ಮೇಲೆ ಎದುರುಬದುರು ಸಾಲಾಗಿ ಕೂರುತ್ತಾರೆ. ಅನ್ನ ಸಾರನ್ನು ಮೊದಲು ಟೀಚರ್ ರುಚಿ ನೋಡಬೇಕು ಅನ್ನುವುದು ನಿಯಮ, ಹಾಗಾಗಿ ಬಡಿಸುವಾಗ ಅವಳು ಅಲ್ಲೇ ಇರುತ್ತಾಳೆ. ಯಾರು ಯಾರ ಪಕ್ಕದಿಂದ ತಟ್ಟೆಯನ್ನು ಗೇಣುದ್ದ ಆಚೆ ಸರಿಸಿಕೊಂಡರು, ಮೊಟ್ಟೆ ತಿನ್ನುವವನನ್ನು ನೋಡಿ ಬಾಳೆಹಣ್ಣಿನವನು ಮೂಗು ಮುಚ್ಚಿಕೊಂಡನಾ, ಎಲ್ಲ ಅವಳ ಕಣ್ಣಿಗೆ ಬೀಳುತ್ತದೆ. ಅಡುಗೆಯವರು ಅದೇ ಊರಿನವರು. ಯಾರ ಮನೆಯಲ್ಲಿ ರಾತ್ರಿ ಏನಾಗಿತ್ತು ಅನ್ನುವುದೂ ಅವರಿಗೆ ಗೊತ್ತು. ತಟ್ಟೆ ಸರಿದದ್ದನ್ನು ಕಂಡಾಗ ಅಕ್ಕ ಭಾಷಣ ಮಾಡುವುದಿಲ್ಲ. ಮಾರನೇ ದಿನದಿಂದ ಹಾಜರಿ ನಂಬರಿನ ಪ್ರಕಾರ ಕೂರಿಸುತ್ತಾಳೆ, ಅದಾದ ಮೇಲೆ ದಿನಾ ಬೇರೆ ಬೇರೆ ನಂಬರಿನಿಂದ ಸಾಲು ಶುರು.

ಇಷ್ಟು ಹೇಳಿ ‘ನಮ್ಮೂರೇ ಚೆಂದ’ ಅಂದುಬಿಡುವುದು ಸುಲಭ. ಹೊರನಾಡಿನಲ್ಲಿ ಕೂತವರಿಗೆ ಆ ಚಾಳಿ ಜಾಸ್ತಿ. ಅಕ್ಕನ ಶಾಲೆಯಲ್ಲಿ ಇರುವುದು ಅಕ್ಕ, ವ್ಯವಸ್ಥೆಯಲ್ಲ. ಅವಳಿಗೆ ವರ್ಗಾವಣೆಯಾದ ದಿನ ಆ ಸಾಲುಗಳೂ ಹೋಗುತ್ತವೆ. ಅಲ್ಲಿಯ ಹಿಂದಿನ ಹೆಡ್‌ಮಾಸ್ಟರು ಇಂಥದ್ದನ್ನೆಲ್ಲ “ಹುಡುಗ್ರು ಜಗಳ, ಬಿಡಿ ಮೇಡಂ” ಎಂದು ಮುಗಿಸುತ್ತಿದ್ದರಂತೆ. ಕಾಟ ಕೊಡುವವನು ಊರ ಗೌಡರ ಮೊಮ್ಮಗನೋ ಪಂಚಾಯ್ತಿ ಮೆಂಬರ್ ಮಗನೋ ಆಗಿದ್ದರೆ, ಕೂಲಿಗೆ ಹೋಗುವ ತಾಯಿ ಶಾಲೆಯ ಗೇಟಿನ ತನಕವೂ ಬರುವುದಿಲ್ಲ. ಕಾನೂನು ನಮ್ಮಲ್ಲೂ ಇದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ರ್‍ಯಾಗಿಂಗನ್ನು ಅಪರಾಧವೆಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. 2015ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಬುಲ್ಲಿಯಿಂಗ್ ತಡೆ ಸಮಿತಿ ಮಾಡಿಕೊಳ್ಳಲು ಹೇಳಿತು. 1098 ಸಹಾಯವಾಣಿಯ ನಂಬರು ಎಷ್ಟೋ ಶಾಲೆಗಳ ಗೋಡೆಯ ಮೇಲಿದೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಇನ್ನೊಬ್ಬನನ್ನು ದಿನಾ ಗೋಳು ಹೊಯ್ದುಕೊಂಡರೆ ಎಷ್ಟು ದಿನದೊಳಗೆ ಯಾರು ಬಂದು ಅಪ್ಪ ಅಮ್ಮನಿಗೆ ಉತ್ತರ ಕೊಡಬೇಕು ಅನ್ನುವುದು ಮಾತ್ರ ಆ ಗೋಡೆಯ ಮೇಲಿಲ್ಲ. ಇನ್ನು ‘ಕರಿಯ’, ‘ಡುಮ್ಮ’, ‘ದಡ್ಡ ಶಿಖಾಮಣಿ’ ಎಂದು ಮೇಷ್ಟ್ರೇ ಹಾಜರಿ ಕೂಗುವ ಕ್ಲಾಸುಗಳಲ್ಲಿ ಮಕ್ಕಳನ್ನು ದೂರಿ ಏನು ಫಲ?

ನ್ಯೂಜೆರ್ಸಿಯವರು ಕಾಗದದ ಕೆಲಸವನ್ನು ಹೊರಿಸಿದ್ದು ಯಾರ ಮೇಲೆ ಅಂತ ನೋಡಿ. ಪ್ರತಿ ಶಾಲೆಗೂ ಒಬ್ಬ ಬುಲ್ಲಿಯಿಂಗ್ ತಡೆ ತಜ್ಞರು ಬೇಕು. ಹೆಚ್ಚಾಗಿ ಅದು ಇದ್ದ ಕೌನ್ಸೆಲರ್ ತಲೆಗೇ ಬೀಳುತ್ತದೆ. ಅಳುವ ಮಗುವನ್ನು ಕೂರಿಸಿಕೊಂಡು ಮಾತಾಡಿಸಬೇಕಾದವರೇ ತನಿಖಾಧಿಕಾರಿಯೂ ಆದರು. ದುಡ್ಡು ಕೊಡದೆ ಕೆಲಸ ಹೇರಿದಿರಿ ಎಂಬ ತಕರಾರು ಗೆದ್ದದ್ದರಿಂದ 2012ರಲ್ಲಿ ರಾಜ್ಯ 10 ಲಕ್ಷ ಡಾಲರ್ ತೆಗೆದಿಡಬೇಕಾಯಿತು. ಇಡೀ ರಾಜ್ಯದ ಶಾಲೆಗಳಿಗೆ ಅದು ಉಪ್ಪಿನಕಾಯಿಗೂ ಸಾಲದು. ಈ ಕೆಲಸ ಎಷ್ಟು ಚೆನ್ನಾಗಿ ಮಾಡಿದೆವು ಅಂತ ಶಾಲೆಗಳು ತಮಗೆ ತಾವೇ 78ಕ್ಕೆ ಅಂಕ ಹಾಕಿಕೊಂಡು ವೆಬ್‌ಸೈಟಿನಲ್ಲಿ ಪ್ರಕಟಿಸಬೇಕು ಎಂಬ ಏರ್ಪಾಡೂ ಇದೆ, ಅದನ್ನು ನೋಡಿ ನಗಬಹುದು.

ಇನ್ನು ನೋಡುವ ಕಣ್ಣಿನ ವಿಷಯಕ್ಕೆ ಬರೋಣ. ಕೆನಡಾದ ಟೊರಾಂಟೊದ ಪ್ರಾಥಮಿಕ ಶಾಲೆಗಳ ಮೈದಾನಗಳಲ್ಲಿ ಚಿತ್ರೀಕರಿಸಿ ಮಾಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಗಿತ್ತು. ಬುಲ್ಲಿಯಿಂಗ್ ನಡೆದ ನೂರಕ್ಕೆ 88 ಸಲ ಬೇರೆ ಮಕ್ಕಳು ಅಲ್ಲಿ ನಿಂತಿದ್ದರು, ಅವರಲ್ಲಿ ಯಾರಾದರೂ ನಡುವೆ ಬಂದದ್ದು 19 ಸಲ. ಆದರೆ ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತು. ಫಿನ್‌ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕಿವಾ ಎಂಬ ಬುಲ್ಲಿಯಿಂಗ್ ತಡೆ ಕಾರ್ಯಕ್ರಮ ಈ ನಿಂತು ನೋಡುವ ಮಕ್ಕಳನ್ನೇ ಹಿಡಿದುಕೊಂಡಿದೆ. ಜೊತೆಗೆ, ಆಟದ ಬಿಡುವಿನಲ್ಲಿ ಕಾಯುವ ದೊಡ್ಡವರು ದೂರದಿಂದಲೇ ಕಾಣುವಂಥ ಗಾಢ ಬಣ್ಣದ ವೇಸ್ಟ್ ಹಾಕಿಕೊಳ್ಳಬೇಕು. ಎಷ್ಟು ಸರಳ ನೋಡಿ: ಕಷ್ಟದಲ್ಲಿರುವ ಮಗುವಿಗೆ ಯಾರ ಕಡೆ ಓಡಬೇಕು ಅಂತ ಕಾಣಬೇಕು.

ನಮ್ಮ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಮಾತು ಹೇಳಲೇಬೇಕು. ಮಗುವಿಗೆ ಕಾಟವಾದರೆ ಎಚ್‌ಐಬಿ, ನಮ್ಮದೇ ಮಗು ಕಾಟ ಕೊಟ್ಟಿದೆ ಎಂದು ಫೋನ್ ಬಂದರೆ ವಕೀಲರು. ರೆಕಾರ್ಡ್ ಏನಾಗುತ್ತದೋ, ಮುಂದೆ ಕಾಲೇಜಿಗೆ ತೊಂದರೆಯಾಗುತ್ತದೋ ಅನ್ನುವ ದಿಗಿಲು. ಜಾಕೆಟ್ ಹಾಕಿದ ಮಕ್ಕಳ ಪೈಕಿ ಒಬ್ಬರ ಮನೆಯವರು ಆ ಸಂಜೆ ಮಗನನ್ನು ಕೂರಿಸಿಕೊಂಡು ‘ಯಾಕೆ ಹಾಕಿದೆ’ ಎಂದು ಕೇಳುವ ಮೊದಲು ‘ಇನ್ಯಾರು ಯಾರು ಹಾಕಿದ್ರು’ ಎಂದು ಕೇಳಿದ್ದರು.

ಹಾಗಾಗಿ ಇಲ್ಲಿಯ ಶಿಕ್ಷಣ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರು ಮಾತಾಡುವ ಸರದಿ ಬಂದಾಗ ನಾನು ಕೇಳುವುದು ಲಂಚ್ ಏಡ್‌ಗಳ ಬಗ್ಗೆ. ಎಷ್ಟು ಮಕ್ಕಳಿಗೆ ಎಷ್ಟು ಜನ, ಅವರಿಗೆ ಏನು ಕಲಿಸಿದ್ದೀರಿ, ವಿಚಾರಣೆಯಲ್ಲಿ ಅವರ ಮಾತು ಬರೆದುಕೊಳ್ಳುತ್ತೀರಾ. ಅಕ್ಕನಿಗೆ ಹೇಳಿದ್ದು ಬೇರೆ: ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ನಡಾವಳಿ ಪುಸ್ತಕದಲ್ಲಿ ಪ್ರತಿ ದೂರಿಗೂ ಒಂದು ಸಾಲು ಇರಲಿ. ಬಂದ ತಾರೀಖು, ನೋಡಿಕೊಳ್ಳುವವರ ಹೆಸರು, ಮನೆಯವರಿಗೆ ಉತ್ತರ ಹೇಳುವ ತಾರೀಖು. ಅವಳು ರೇಗಿದಳು: “ಮೊಟ್ಟೆಗೊಂದು ರಿಜಿಸ್ಟರ್, ಹಾಲಿಗೊಂದು, ಶೂಗೊಂದು. ಈಗ ಇದಕ್ಕೂ ಒಂದಾ?” ಅವಳ ಸಿಟ್ಟು ಸುಳ್ಳಲ್ಲ. ಆದರೂ ಮಗುವೊಂದಕ್ಕೆ 18 ಗ್ರಾಂ ಹಾಲಿನ ಪುಡಿಯ ಲೆಕ್ಕ ಇಡುವ ಶಾಲೆಗೆ ಈ ಒಂದು ಸಾಲು ಹೊರೆಯಾಗಲಾರದು ಎಂದೆ. ಹೆಡ್‌ಮಾಸ್ಟರು ಒಪ್ಪಿದರೆ ಮುಂದಿನ ಸಭೆಯಲ್ಲಿ ಎತ್ತುತ್ತೇನೆ ಅಂದಿದ್ದಾಳೆ, ಒಪ್ಪುವುದು ಅನುಮಾನ ಅಂತಲೂ ಸೇರಿಸಿದ್ದಾಳೆ.