ಟೆಂಪ್ಲೇಟ್ ಮಾಡುವವರೇ, ಒಂದು ಸಲ ಕನ್ನಡ ಟೈಪ್ ಮಾಡಿ ನೋಡಿ

ಕಚೇರಿಗಳು, ಕಾಲೇಜುಗಳು ಎಲ್ಲರಿಗೂ ಒಂದೇ ಪವರ್‌ಪಾಯಿಂಟ್ ಟೆಂಪ್ಲೇಟ್, ಅಂದರೆ ಸ್ಲೈಡುಗಳ ಸಿದ್ಧ ಮಾದರಿ, ಕಳಿಸುತ್ತವೆ. ಲೋಗೋ, ಬಣ್ಣ ಎಲ್ಲ ಚೆನ್ನಾಗಿರುತ್ತದೆ. ಅದರಲ್ಲಿ ಕನ್ನಡ ಸ್ಲೈಡ್ ಮಾಡಿ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ತಲೆಬರಹ ಎರಡು ಸಾಲಾಗಿ ಚಿತ್ರದ ಮೇಲೆ ಕೂತಿರುತ್ತದೆ. ಕೇಳಿದರೆ "ವರ್ಷನ್ ಬೇರೆ, ಏನೂ ಮಾಡೋಕಾಗಲ್ಲ" ಅನ್ನುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಟೆಂಪ್ಲೇಟ್ ಮಾಡುವಾಗಲೇ ಇದನ್ನು ಸರಿಮಾಡಬಹುದು.

ಪವರ್‌ಪಾಯಿಂಟ್ 2007ರಿಂದ ಬಂದ ಪಿಪಿಟಿಎಕ್ಸ್ (ಸ್ಲೈಡುಗಳದ್ದು), ಪಿಒಟಿಎಕ್ಸ್ (ಟೆಂಪ್ಲೇಟಿನದ್ದು) ಫೈಲುಗಳು ನಿಜವಾಗಿ ಜಿಪ್ ಫೈಲುಗಳೇ, ಅಂದರೆ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿದ ಗಂಟು. ಒಂದು ಕಾಪಿ ಮಾಡಿಕೊಂಡು, ಹೆಸರಿನ ಕೊನೆಗೆ ಜಿಪ್ ಅಂತ ಹಾಕಿ ತೆರೆಯಿರಿ. ಒಳಗೆ ಥೀಮ್ ಅನ್ನುವ ಫೋಲ್ಡರ್ ಸಿಗುತ್ತದೆ. ಅಲ್ಲಿನ ಫೈಲಿನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಫಾಂಟ್, ಚೀನಿ-ಜಪಾನಿಗೆ ಒಂದು, ನಮ್ಮಂಥ ಲಿಪಿಗಳಿಗೆ ಒಂದು ಅಂತ ಜಾಗಗಳಿವೆ. ಹೆಚ್ಚಿನ ಟೆಂಪ್ಲೇಟ್‌ಗಳಲ್ಲಿ ಮೊದಲನೆಯದು ಮಾತ್ರ ತುಂಬಿರುತ್ತದೆ, ನಮ್ಮದು ಖಾಲಿ! ಆಫೀಸಿನ ಮಾಮೂಲಿ ಥೀಮ್ ಆದರೆ ಕೆಳಗಿನ ಪಟ್ಟಿಯಲ್ಲಿ ಕನ್ನಡಕ್ಕೆ ತುಂಗಾ ಅನ್ನುವ ಫಾಂಟಿನ ಹೆಸರು ಬರೆದಿರುತ್ತದೆ. ಆದರೆ ವಿಂಡೋಸ್ 10ರಿಂದೀಚೆಗೆ ತುಂಗಾ ಬೇಕಿದ್ದವರು ಬೇರೆಯಾಗಿ ಹಾಕಿಕೊಳ್ಳಬೇಕು. ಅದು ಇಲ್ಲದ ಕಡೆ ನಿರ್ಮಲಾ ಫಾಂಟ್ ಬರುತ್ತದೆ, ಲಿನಕ್ಸ್‌ನಲ್ಲಿ ಲೋಹಿತ್ ಅಥವಾ ನೋಟೋ. ಒಂದೊಂದರ ಅಳತೆ ಒಂದೊಂದು ಥರ. ಸೈಜ್ 28 ಅಂತ ಕೊಟ್ಟರೂ ಒಂದು ಫಾಂಟ್ ಚಿಕ್ಕದಾಗಿ ಕಾಣುತ್ತದೆ, ಇನ್ನೊಂದು ದೊಡ್ಡದಾಗಿ. ಸಾಲು ಮುರಿಯದೆ ಇನ್ನೇನಾದೀತು?

ಇನ್ನೊಂದು ತೊಂದರೆ ಸಾಲುಗಳ ನಡುವಿನ ಅಂತರದ್ದು. ಇಂಗ್ಲಿಷ್ ನೋಡಿಕೊಂಡು ಅದನ್ನು ಇಷ್ಟೇ ಪಾಯಿಂಟ್ ಅಂತ ಬಿಗಿ ಮಾಡಿರುತ್ತಾರೆ. ಅಲ್ಲಿ 'ಅರ್ಥಶಾಸ್ತ್ರ' ಅಂತ ಬರೆದು ನೋಡಿ. 'ಸ್ತ್ರ'ದ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ಪಾಯಿಂಟ್ ಬದಲು 1.1, 1.2 ಅಂತ ಪಟ್ಟು ಕೊಟ್ಟರೆ ಫಾಂಟಿಗೆ ತಕ್ಕಂತೆ ಜಾಗ ಸಿಗುತ್ತದೆ.

ನಾನು ಹೇಳುವುದು ಇಷ್ಟು. ಥೀಮ್ ಫೈಲಿನ ಆ ಖಾಲಿ ಜಾಗದಲ್ಲಿ ಒಂದು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಬೇರೆ ಸಂಕೇತವಿರುವ ಪದ್ಧತಿ) ಫಾಂಟಿನ ಹೆಸರು ಬರೆಯಿರಿ. ನೋಟೋ ಸ್ಯಾನ್ಸ್ ಕನ್ನಡ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಹಾಕಿಕೊಳ್ಳಬಹುದು. ಟೆಂಪ್ಲೇಟ್ ಜೊತೆ ಫಾಂಟ್ ಫೈಲನ್ನೂ ಕಳಿಸಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸುತ್ತಿದ್ದ ಆಸ್ಕಿ ಕಾಲದ ನುಡಿ ಫಾಂಟ್ ಮಾತ್ರ ದಯವಿಟ್ಟು ಬೇಡ, ಆ ಫಾಂಟ್ ಇಲ್ಲದ ಕಡೆ ಕನ್ನಡವೇ ಉಳಿಯುವುದಿಲ್ಲ. ಸ್ಲೈಡಿನ ಅಳತೆಯನ್ನೂ ಮೊದಲೇ ತೀರ್ಮಾನ ಮಾಡಿ. ಪವರ್‌ಪಾಯಿಂಟ್‌ನ 2010ರ ಆವೃತ್ತಿವರೆಗೆ ಹೊಸ ಸ್ಲೈಡಿನ ಅಗಲ-ಎತ್ತರ 4:3 ಬರುತ್ತಿತ್ತು, 2013ರಿಂದ 16:9. ಆಮೇಲೆ ಬದಲಿಸಿದರೆ ಎಲ್ಲವನ್ನೂ ಮತ್ತೆ ಜೋಡಿಸಬೇಕು.

"ಪಿಡಿಎಫ್ ಮಾಡಿ ಕೊಟ್ಟರಾಯ್ತು" ಅನ್ನುವವರೂ ಇದ್ದಾರೆ. ತೋರಿಸೋಕೆ ಸರಿ. ಆದರೆ ಹಳ್ಳಿ ಶಾಲೆಯ ಮೇಷ್ಟ್ರಿಗೆ ಅದರಲ್ಲಿ ತಮ್ಮೂರಿನ ಒಂದು ಉದಾಹರಣೆ ಸೇರಿಸಬೇಕು ಅನ್ನಿಸಿದರೆ? ಅವರ ಕಂಪ್ಯೂಟರಿನಲ್ಲಿ ಇರೋದು ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಇರಬಹುದು, ಹಳೇ ಪವರ್‌ಪಾಯಿಂಟ್ 2010 ಇರಬಹುದು. ಟೆಂಪ್ಲೇಟ್ ಬೇಕಾಗಿರುವುದೇ ಅಂಥವರಿಗೆ ಅಲ್ವಾ?

ಟೆಂಪ್ಲೇಟ್ ಮಾಡಿಸಿ ದುಡ್ಡು ಕೊಡುವವರಲ್ಲಿ ಒಂದು ವಿನಂತಿ. ಒಪ್ಪಿಕೊಳ್ಳುವ ಮುಂಚೆ ನಿಮ್ಮಲ್ಲಿರುವ ಅತಿ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆಯಿರಿ. ಒತ್ತಕ್ಷರ ಜಾಸ್ತಿ ಇರುವ ಎರಡು ಸಾಲು ಕನ್ನಡ ಟೈಪ್ ಮಾಡಿ. ಸರಿ ಬರಲಿಲ್ಲವಾದರೆ ವಾಪಸ್ ಕಳಿಸಿ.