ಗರ್ಭಕೋಶದ ಆಪರೇಷನ್ನು, ಎಚ್‌ಐವಿ ಟೆಸ್ಟು: ಆ ಫಾರ್ವರ್ಡ್ ಮೆಸೇಜ್ ಪೂರ್ತಿ ನಿಜ ಅಲ್ಲ

"ಗರ್ಭಕೋಶದ ತೊಂದ್ರೆ ಅಂತ ಆಸ್ಪತ್ರೆಗೆ ಹೋದ್ರೆ ಎಚ್‌ಐವಿ ಟೆಸ್ಟ್ ಕಡ್ಡಾಯ, ಪಾಸಿಟಿವ್ ಬಂದ್ರೆ ಆಪರೇಷನ್ ಮಾಡದೆ ವಾಪಸ್ ಕಳಿಸೋ ಹಕ್ಕು ಡಾಕ್ಟರಿಗಿದೆ" ಅಂತ ಒಂದು ಮೆಸೇಜ್ ಓಡಾಡ್ತಿದೆ. ಅಂಥ ಹಕ್ಕೇನೂ ಇಲ್ಲ.

ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆಗಳ ಜೊತೆ ಎಚ್‌ಐವಿ ಟೆಸ್ಟನ್ನೂ ಬರೆದುಕೊಡೋದು ರೂಢಿಯಲ್ಲಿದೆ, ಅದು ಸುಳ್ಳಲ್ಲ, ಆದ್ರೆ 2017ರ ಎಚ್‌ಐವಿ ಕಾಯ್ದೆ (2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ) ಪ್ರಕಾರ ವಿವರಿಸಿ ಒಪ್ಪಿಗೆ ತಗೊಂಡೇ ಟೆಸ್ಟ್ ಮಾಡ್ಬೇಕು, ಟೆಸ್ಟ್ ಮಾಡಿಸಿದ್ರೆ ಮಾತ್ರ ಚಿಕಿತ್ಸೆ ಅನ್ನೋ ಷರತ್ತು ಹಾಕೋ ಹಾಗಿಲ್ಲ, ಪಾಸಿಟಿವ್ ಅನ್ನೋ ಕಾರಣಕ್ಕೇ ಚಿಕಿತ್ಸೆ ನಿರಾಕರಿಸೋ ಹಾಗೂ ಇಲ್ಲ. ರಿಸಲ್ಟನ್ನ ಕೇಸ್ ಶೀಟ್ ಮೇಲೆ ಎಲ್ಲರಿಗೂ ಕಾಣೋ ಹಾಗೆ ಕೆಂಪಿಂಕಲ್ಲಿ ಬರೆಯೋದಂತೂ ತೀರಾ ತಪ್ಪು. ಹೇಗೂ ಆಸ್ಪತ್ರೆಯವರು ತಗೋಬೇಕಾದ ಗ್ಲೌಸು, ಸೂಜಿ ಎಚ್ಚರಿಕೆ ಎಲ್ಲಾ ಪೇಷಂಟಿಗೂ ಒಂದೇ.

ಇನ್ನು "ಬಿಳಿ ಸೆರಗು ಹೋದ್ರೆ ಎಚ್‌ಐವಿ" ಅಂತಾನೂ ಅದರಲ್ಲಿದೆ. ಪಾಪ, ಇದನ್ನ ಓದಿ ಎಷ್ಟು ಹೆಂಗಸರು ಹೆದರಿರ್ತಾರೋ! ಅದು ಹೆಚ್ಚಾಗಿ ಮಾಮೂಲಿ ಸೋಂಕು, ಕೆಲವೊಮ್ಮೆ ಸೋಂಕೂ ಅಲ್ಲ. ಭಾರತದಲ್ಲಿ ವಯಸ್ಕರಲ್ಲಿ ಎಚ್‌ಐವಿ ಇರೋರು ಸುಮಾರು 0.2%.

ಆ ಮೆಸೇಜಲ್ಲಿ ಬಿಟ್ಟಿರೋ ಮುಖ್ಯ ವಿಷ್ಯ ಬೇರೆ. ಎಚ್‌ಐವಿ ಇರೋ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಅಪಾಯ ಸುಮಾರು 6 ಪಟ್ಟು ಜಾಸ್ತಿ, ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ 30 ವರ್ಷಕ್ಕಲ್ಲ, 25ಕ್ಕೇ ಸ್ಕ್ರೀನಿಂಗ್ (ಲಕ್ಷಣ ಇಲ್ದಿದ್ರೂ ಮಾಡೋ ತಪಾಸಣೆ) ಶುರುಮಾಡಿ ಅನ್ನುತ್ತೆ, ಅಂದ್ರೆ ಸ್ತ್ರೀರೋಗ ವಿಭಾಗದಿಂದ ಓಡಿಸೋದಿರಲಿ, ಇವರನ್ನೇ ಕರೆದು ನೋಡ್ಬೇಕು.

ಸರ್ಕಾರಿ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷಾ ಕೇಂದ್ರ) ಟೆಸ್ಟ್ ಫ್ರೀ, ಎಚ್‌ಐವಿ ಹತೋಟಿಯಲ್ಲಿಡೋ ಎಆರ್‌ಟಿ ಮಾತ್ರೆನೂ ಸರ್ಕಾರದಿಂದ ಫ್ರೀ. ಡೌಟ್ ಇದ್ರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.