ತತ್ವಶಾಸ್ತ್ರ ಓದಿದರೂ ಐಎಎಸ್ ಪರೀಕ್ಷೆ ಬರೆಯಬಹುದು

'ಬಿಎಯಲ್ಲಿ ತತ್ವಶಾಸ್ತ್ರ ಮೇಜರ್ ಮಾಡಿದವರು ಐಎಎಸ್ ಬರೆಯುವಂತಿಲ್ಲ' ಎಂಬ ಮೆಸೇಜ್ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಮೊನ್ನೆ ನಾನೂ ಪರಿಶೀಲಿಸದೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಐಎಎಸ್ ಪರೀಕ್ಷೆ ನಡೆಸುವ ಯುಪಿಎಸ್‌ಸಿಯ ಅಧಿಸೂಚನೆ ತೆಗೆದು ಓದಿದೆ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಯಾವ ಡಿಗ್ರಿಯಾದರೂ ಸಾಕು. ಅಷ್ಟೇ ಅಲ್ಲ, ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ತತ್ವಶಾಸ್ತ್ರವೇ ಇದೆ! ತಲಾ 250 ಅಂಕದ ಎರಡು ಪತ್ರಿಕೆ. ಪ್ಲೇಟೋ, ಚಾರ್ವಾಕರು, ಬೌದ್ಧ ದರ್ಶನ, ವೇದಾಂತ, ಅರವಿಂದರು ಎಲ್ಲ ಅದರಲ್ಲಿ ಬರುತ್ತಾರೆ. ಬಿಎಯಲ್ಲಿ ಓದಿದ್ದು ಅಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ, ಅಲ್ವಾ? ಪಾಠ ಮಾಡುವ ಆಸೆ ಇದ್ದವರಿಗೆ, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲೂ ಈ ವಿಷಯ ಇದೆ.

ಪಿಯುಸಿ ಮುಗಿಸಿದ ಮಕ್ಕಳು ಸುಮ್ನೆ ಹೆದರಿ ಇಷ್ಟದ ವಿಷಯ ಬಿಡುವಂತಾಗಬಾರದು. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಳಿಸಿಬಿಡಿ.